‘ಗ್ಲೋರಿಯಸ್ಲಿ’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ

ಇಂಗ್ಲಿಷಿನ ‘ಗ್ಲೋರಿಯಸ್ಲಿ’ ಎಂಬ ಕ್ರಿಯಾವಿಶೇಷಣಕ್ಕೆ ‘ವೈಭವದಿಂದ’, ‘ಭವ್ಯವಾಗಿ’, ‘ಕೀರ್ತಿಯುತವಾಗಿ’ ಎಂದೆಲ್ಲ ಅರ್ಥ ಕೊಡುವುದು ರೂಢಿ. ಅನುವಾದಕ್ಕೆ ಕೂತರೆ ಇವುಗಳಲ್ಲಿ ಒಂದೂ ನೆಟ್ಟಗೆ ಕೂರುವುದಿಲ್ಲ. ನಾಲ್ಕು ಪ್ರಯೋಗಗಳನ್ನು ನೋಡಿ. ಸೈನಿಕನೊಬ್ಬ ‘ಡೈಡ್ ಗ್ಲೋರಿಯಸ್ಲಿ’. ಹಳೆಯ ಹಡಗೊಂದು ದೀಪಗಳೆಲ್ಲ ಉರಿಯುತ್ತಿರುವಾಗಲೇ ‘ಸ್ಯಾಂಕ್ ಗ್ಲೋರಿಯಸ್ಲಿ’. ಔತಣಕ್ಕೆ ಬಂದ ಒಬ್ಬ ಮುದುಕ ‘ಗ್ಲೋರಿಯಸ್ಲಿ ಡ್ರಂಕ್’. ಇಬ್ಬರು ಕಳ್ಳರ ಉಪಾಯ ‘ಫೇಲ್ಡ್ ಗ್ಲೋರಿಯಸ್ಲಿ’. ‘ವೈಭವದಿಂದ ಸತ್ತ’, ‘ಭವ್ಯವಾಗಿ ಕುಡಿದಿದ್ದ’ ಎಂದು ಬರೆದರೆ ಓದುವವರು ನಗುತ್ತಾರೆ, ಅದೂ ನಗಬಾರದ ಕಡೆ. ಈ ನಾಲ್ಕೂ ಒಂದೇ ಅರ್ಥವೇ, ಬೇರೆ ಬೇರೆಯೇ? ಮ್ಯಾಗ್ನಿಫಿಸೆಂಟ್ಲಿ, ಸ್ಪ್ಲೆಂಡಿಡ್ಲಿ, ಸೂಪರ್ಬ್ಲಿ ಇವಕ್ಕೂ ಇದಕ್ಕೂ ಏನು ಅಂತರ? ನಾಲ್ಕು ಕಡೆಗೂ ಒಪ್ಪುವ ಒಂದು ಕನ್ನಡ ಪದ ಇದ್ದರೆ ತಿಳಿಸಿ.

ಉತ್ತರ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ: ಒಂದು ಪದ ಇಲ್ಲ, ಹುಡುಕುವುದೂ ಬೇಡ. ಇಂಗ್ಲಿಷು ಈ ಹಿರಿಮೆಯನ್ನು ಕ್ರಿಯಾಪದದ ಪಕ್ಕದಲ್ಲಿ ಒಂದು ಪದವಾಗಿ ನಿಲ್ಲಿಸುತ್ತದೆ. ಕನ್ನಡ ಅದನ್ನು ಬಹಳ ಸಲ ಕ್ರಿಯಾಪದದ ಒಳಗೇ ಇಟ್ಟುಕೊಳ್ಳುತ್ತದೆ. ತೊಡಕು ಇರುವುದು ಅಲ್ಲೇ. ‘-ವಾಗಿ’, ‘-ದಿಂದ’ ಹಚ್ಚಿದ ಪದಕ್ಕಾಗಿ ನಿಘಂಟು ತಡಕುವುದಕ್ಕಿಂತ ಪಕ್ಕದ ಕ್ರಿಯಾಪದವನ್ನು ಬದಲಿಸಿ ನೋಡಿದರೆ ಅರ್ಧಕ್ಕರ್ಧ ವಾಕ್ಯಗಳು ತಾವಾಗಿ ಸರಿಹೋಗುತ್ತವೆ.

ಪದದ ಹುಟ್ಟಿನಿಂದ ಶುರುಮಾಡೋಣ. ಇಲ್ಲಿ ವ್ಯುತ್ಪತ್ತಿ ಬರಿಯ ಅಲಂಕಾರವಲ್ಲ, ಅನುವಾದಕ್ಕೆ ಕೈಗೆ ಬರುವ ಸರಕು. ಮೂಲ ಲ್ಯಾಟಿನಿನ ‘ಗ್ಲೋರಿಯಾ’: ಕೀರ್ತಿ, ಹೆಸರುವಾಸಿ. ಅದರಿಂದ ‘ಗ್ಲೋರಿಯೋಸುಸ್’. ಈ ಗುಣವಾಚಕಕ್ಕೆ ಲ್ಯಾಟಿನಿನಲ್ಲೇ ಎರಡು ಮುಖ. ಕೀರ್ತಿವಂತ ಎಂದೂ ಹೌದು, ಬಡಾಯಿಕೋರ ಎಂದೂ ಹೌದು. ಪ್ಲಾಟಸ್‌ನ ‘ಮೀಲೆಸ್ ಗ್ಲೋರಿಯೋಸುಸ್’ ಎಂಬ ರೋಮನ್ ಪ್ರಹಸನದ ಹೆಸರಿಗೆ ‘ಕೀರ್ತಿಶಾಲಿ ಸೈನಿಕ’ ಎಂದು ಅರ್ಥ ಹೇಳಿದರೆ ನಾಟಕವೇ ತಲೆಕೆಳಗಾಗುತ್ತದೆ. ಅವನು ಬಡಾಯಿ ಕೊಚ್ಚುವ ಸಿಪಾಯಿ, ಇಲ್ಲದ ಪರಾಕ್ರಮವನ್ನು ಹೇಳಿಕೊಂಡು ತಿರುಗುವವನು. ಅಂದರೆ ‘ಗ್ಲೋರಿಯಸ್ಲಿ’ಯಲ್ಲಿ ಇವತ್ತು ಕಾಣುವ ವ್ಯಂಗ್ಯ ನಿನ್ನೆ ಮೊನ್ನೆ ಅಂಟಿಕೊಂಡದ್ದಲ್ಲ, ಬೇರಿನಲ್ಲೇ ಇತ್ತು.

ಇನ್ನು ‘-ಲಿ’ ಪ್ರತ್ಯಯ. ಅದು ಹಳೆಯ ಇಂಗ್ಲಿಷಿನ ‘ಲೀಚೆ’ ಎಂಬುದರ ಸವೆದ ರೂಪ, ಮೈ ಅಥವಾ ಆಕಾರ ಎಂಬರ್ಥದ ‘ಲೀಚ್’ಗೆ ನಂಟು. ಫ್ರೆಂಚಿನವರು ಇದೇ ಕೆಲಸಕ್ಕೆ ‘-ಮಾಂ’ ಹಚ್ಚುತ್ತಾರೆ. ಅದು ‘ಮನಸ್ಸಿನಿಂದ’ ಎಂಬ ಲ್ಯಾಟಿನ್ ಪದದ ಉಳಿಕೆ. ನಮ್ಮ ‘-ಆಗಿ’ ಸ್ವತಃ ಒಂದು ಕ್ರಿಯಾರೂಪ, ‘ಆಗು’ ಧಾತುವಿನ ಭೂತಕೃದಂತ. ಹೀಗಾಗಿ ‘ಭವ್ಯವಾಗಿ ಮುಳುಗಿತು’ ಎಂದಾಗ ಹಡಗು ಮೊದಲು ಭವ್ಯವಾಯಿತು, ಆಮೇಲೆ ಮುಳುಗಿತು ಎಂಬ ಸಣ್ಣ ನೆರಳು ಉಳಿದುಕೊಳ್ಳುತ್ತದೆ. ‘ಬೇಗ’, ‘ಮೆಲ್ಲಗೆ’, ‘ಥಟ್ಟನೆ’ ಎನ್ನುವಾಗ ಈ ನೆರಳಿಲ್ಲ. ‘-ವಾಗಿ’ ಎಂದೂ ಬೇಡ ಎನ್ನುತ್ತಿಲ್ಲ. ಆದರೆ ಒಂದೇ ವಾಕ್ಯದಲ್ಲಿ ಮೂರು ‘-ವಾಗಿ’ ಸೇರಿದರೆ ಕಿವಿಗೆ ಕಲ್ಲು ಸಿಕ್ಕಂತಾಗುವುದು ಇದರಿಂದಲೇ. ‘ವೈಭವಪೂರ್ಣವಾಗಿ’, ‘ಮಹಿಮಾನ್ವಿತವಾಗಿ’ ಎಂಬ ಉದ್ದನೆಯ ಪದಗಳದ್ದು ಇನ್ನೊಂದು ಕಷ್ಟ. ನಿಘಂಟಿನಲ್ಲಿ ಅವು ಚೆನ್ನಾಗಿಯೇ ಇರುತ್ತವೆ, ಕಥೆಯೊಳಗೆ ಕಾಲಿಟ್ಟರೆ ಭಾಷಣ ಶುರುಮಾಡುತ್ತವೆ.

ಇಂಗ್ಲಿಷ್ ಸಾಹಿತ್ಯದಲ್ಲಿ ಈ ಪದಕ್ಕೆ ತೂಕ ಬಂದದ್ದರಲ್ಲಿ 1611ರ ಬೈಬಲ್ ಅನುವಾದದ ಪಾಲು ದೊಡ್ಡದು. ವಿಮೋಚನಕಾಂಡದ 15ನೇ ಅಧ್ಯಾಯದಲ್ಲಿ, ಸಮುದ್ರ ದಾಟಿದ ಮೇಲೆ ಹಾಡುವ ಹಾಡಿನಲ್ಲಿ, ದೇವರು ‘ಟ್ರಯಂಫ್ಡ್ ಗ್ಲೋರಿಯಸ್ಲಿ’ ಎಂದಿದೆ. ಹೀಬ್ರೂ ಮೂಲದಲ್ಲಿ ಅಲ್ಲಿ ಕ್ರಿಯಾವಿಶೇಷಣವೇ ಇಲ್ಲ. ‘ಗಾಓ ಗಾಆ’ ಎಂದಿದೆ: ಮೇಲೇಳು, ಉಕ್ಕೇರು ಎಂಬರ್ಥದ ಒಂದೇ ಧಾತು ಎರಡು ಸಲ. ‘ಏಳುವುದೆಂದರೆ ಎದ್ದಿದ್ದಾನೆ’ ಎಂಬ ಧಾಟಿ. ಗ್ರೀಕ್ ಅನುವಾದಕರು ಈ ಜೋಡಿಯನ್ನು ಬಿಡಿಸಿ ‘ಎಂಡೊಕ್ಸೋಸ್’ ಎಂಬ ಕ್ರಿಯಾವಿಶೇಷಣವನ್ನೂ ಅದೇ ಬೇರಿನ ಒಂದು ಕ್ರಿಯಾಪದವನ್ನೂ ಇಟ್ಟರು. ಲ್ಯಾಟಿನಿನಲ್ಲಿ ಅದು ‘ಗ್ಲೋರಿಯೋಸೆ’ ಆಯಿತು, ಇಂಗ್ಲಿಷಿಗೆ ‘ಗ್ಲೋರಿಯಸ್ಲಿ’ಯಾಗಿ ಬಂತು. ನಾವು ಇಂಗ್ಲಿಷಿನ ದೊಡ್ಡ ಕ್ರಿಯಾವಿಶೇಷಣ ಎಂದುಕೊಂಡಿರುವುದು ಈ ಜಾಗದಲ್ಲಿ ಕ್ರಿಯಾಪದದ ಪುನರುಕ್ತಿಯಾಗಿತ್ತು.

ಪುನರುಕ್ತಿ ಎಂದರೆ ಕನ್ನಡಕ್ಕೆ ತವರುಮನೆ. ‘ಗೆದ್ದ ಅಂದರೆ ಗೆದ್ದ!’, ‘ಗೆದ್ದರೆ ಹೀಗೆ ಗೆಲ್ಲಬೇಕು’, ‘ಅಂತಿಂಥ ಗೆಲುವಲ್ಲ’ ಎಂದು ದಿನವೂ ಆಡುತ್ತೇವೆ. ಸಂಸ್ಕೃತದಿಂದ ಬಂದ ಮೂರು ಪದಗಳಲ್ಲೂ ಇದೇ ತಂತ್ರ ಅಡಗಿದೆ. ರಾರಾಜಿಸು, ದೇದೀಪ್ಯಮಾನ, ಜಾಜ್ವಲ್ಯಮಾನ. ರಾಜ್, ದೀಪ್, ಜ್ವಲ್ ಧಾತುಗಳ ಮೊದಲ ಅಕ್ಷರ ಇಮ್ಮಡಿಸಿ ಹುಟ್ಟಿದ ರೂಪಗಳಿವು. ವೈಯಾಕರಣರು ಯಙಂತ ಎನ್ನುವುದು ಇದನ್ನೇ; ಕ್ರಿಯೆ ಮತ್ತೆ ಮತ್ತೆ ನಡೆಯಿತು, ಅತಿಶಯವಾಗಿ ನಡೆಯಿತು ಎಂದು ಸೂಚಿಸುವ ರೂಪ. ‘ರಾರಾಜಿಸಿತು’ ಎಂದಮೇಲೆ ‘ಭವ್ಯವಾಗಿ’ ಬೇಕಿಲ್ಲ. ಭವ್ಯತೆ ಆ ‘ರಾರಾ’ದಲ್ಲಿ ಬಂದುಬಿಟ್ಟಿದೆ. ‘ಭವ್ಯವಾಗಿ ರಾರಾಜಿಸಿತು’ ಎಂಬುದು ಸಕ್ಕರೆಗೆ ಬೆಲ್ಲ ಹಾಕಿದ ಹಾಗೆ.

ಅದೇ 1611ರ ಅನುವಾದದಲ್ಲಿ ಯೆಶಾಯ 24:23ರ ಕೊನೆಯಲ್ಲೂ ‘ಗ್ಲೋರಿಯಸ್ಲಿ’ ಬರುತ್ತದೆ. ಅಲ್ಲಿ ಹೀಬ್ರೂವಿನಲ್ಲಿರುವುದು ಬೇರೆಯೇ ಪದ, ‘ಕಾವೋದ್’. ಅದರ ಧಾತ್ವರ್ಥ ಭಾರ, ತೂಕ. ಏರುವುದು ಒಂದು ರೂಪಕ, ತೂಗುವುದು ಇನ್ನೊಂದು. ಇಂಗ್ಲಿಷಿನಲ್ಲಿ ಎರಡೂ ಒಂದೇ ಪದದಲ್ಲಿ ಕರಗಿಹೋಗಿವೆ. ಕನ್ನಡದಲ್ಲಿ ಎರಡೂ ಬೇರೆ ಬೇರೆ ಉಳಿದಿವೆ ಎಂಬುದು ನಮ್ಮ ಭಾಗ್ಯ. ತೂಕದ ಬಳಗ ನೋಡಿ: ‘ಗುರು’ ಎಂದರೆ ಭಾರವಾದದ್ದು, ಅದರಿಂದ ಗೌರವ, ಗರಿಮೆ. ‘ಘನ’ ಎಂದರೆ ಗಟ್ಟಿಯಾದದ್ದು, ಅದರಿಂದ ಘನತೆ. ತೂಕದ ಮಾತು, ತೂಕದ ಮನುಷ್ಯ ಎಂಬುದೂ ಇದೇ ಸಾಲು. ಬೆಳಕಿನ ಬಳಗ: ಮೆರೆ, ಮೆರುಗು, ಬೆಳಗು, ತೇಜಸ್ಸು, ಕಾಂತಿ, ರಾರಾಜಿಸು. ಹಿಗ್ಗುವಿಕೆಯ ಬಳಗ: ಮಹಿಮೆ, ವೈಭವ, ವಿಜೃಂಭಣೆ. ಈ ವಿಜೃಂಭಣೆಯ ಬೇರು ‘ಜೃಂಭ್’, ಬಾಯ್ದೆರೆದು ಆಕಳಿಸುವುದು! ಅಗಲವಾಗಿ ತೆರೆದುಕೊಳ್ಳುವುದು, ಹರಡಿಕೊಳ್ಳುವುದು ಎಂಬ ಅರ್ಥದಿಂದ ಇಂದಿನ ಅರ್ಥಕ್ಕೆ ಬಂದಿದೆ. ‘ಕಾರ್ಯಕ್ರಮ ವಿಜೃಂಭಣೆಯಿಂದ ನೆರವೇರಿತು’ ಎಂಬ ವರದಿ ಓದುವಾಗ ಕೆಲವೊಮ್ಮೆ ಮೂಲಾರ್ಥವೇ ಹತ್ತಿರ ಅನ್ನಿಸುವುದುಂಟು.

ಹೀಗೆ ಬಳಗ ವಿಂಗಡಿಸಿಕೊಂಡರೆ ಕೆಲಸ ಸುಲಭ. ಇಂಗ್ಲಿಷ್ ವಾಕ್ಯ ಎದುರಿಗಿಟ್ಟುಕೊಂಡು ಮೊದಲು ನೋಡಬೇಕಾದದ್ದು ‘ಗ್ಲೋರಿಯಸ್ಲಿ’ ಯಾವುದಕ್ಕೆ ಅಂಟಿಕೊಂಡಿದೆ ಎಂಬುದು. ಕ್ರಿಯಾಪದಕ್ಕೆ ಅಂಟಿ ವಾಕ್ಯದ ಕೊನೆಯಲ್ಲಿದ್ದರೆ ಅದು ರೀತಿ ಹೇಳುತ್ತದೆ, ಒತ್ತು ಅದರ ಮೇಲೆಯೇ. ಗುಣವಾಚಕದ ಮುಂದೆ ಬಂದರೆ (ಗ್ಲೋರಿಯಸ್ಲಿ ಸನ್ನಿ, ಗ್ಲೋರಿಯಸ್ಲಿ ಹ್ಯಾಪಿ) ಅಲ್ಲಿ ಕೀರ್ತಿಯೂ ಇಲ್ಲ, ವೈಭವವೂ ಇಲ್ಲ. ‘ಬಹಳ’ ಎಂಬುದರ ಜಾಗದಲ್ಲಿ ಹೇಳುವವನ ಖುಷಿ ಬೆರೆಸಿದ ಒಂದು ಪದ ಕೂತಿದೆ, ಅಷ್ಟೆ. ಎರಡನೆಯದಾಗಿ, ಹಿರಿಮೆ ಯಾರದ್ದು ಎಂದು ಕೇಳಿಕೊಳ್ಳಬೇಕು. ಕ್ರಿಯೆ ಮಾಡಿದವನದ್ದೋ, ನೋಟದ್ದೋ, ಇಲ್ಲಾ ಯಾರದ್ದೂ ಅಲ್ಲದೆ ಬರೆದವನ ತಮಾಷೆಯೋ? ಮೂರನೆಯದು, ಆ ಪದ ತೆಗೆದುಹಾಕಿ ವಾಕ್ಯ ಓದುವುದು. ಏನು ಕಳೆದುಹೋಯಿತೋ ಅದನ್ನಷ್ಟೇ ಕನ್ನಡದಲ್ಲಿ ಮರಳಿ ತುಂಬಿಸಬೇಕು, ಪದವನ್ನಲ್ಲ.

‘ಡೈಡ್ ಗ್ಲೋರಿಯಸ್ಲಿ’ಯಲ್ಲಿ ಹಿರಿಮೆ ಸತ್ತವನದ್ದು. ಕನ್ನಡ ಇದಕ್ಕೆ ಕ್ರಿಯಾವಿಶೇಷಣವನ್ನು ಬೇಡುವುದೇ ಇಲ್ಲ. ‘ವೀರಮರಣ ಹೊಂದಿದ’, ‘ವೀರಸ್ವರ್ಗ ಸೇರಿದ’. ಹಿರಿಮೆ ನಾಮಪದಕ್ಕೆ ಹೋಯಿತು. ವೀರಗಲ್ಲುಗಳ ಭಾಷೆ ಇನ್ನೂ ಬಿಗಿ. ‘ಕಾದಿ ಸತ್ತ’ ಎಂದು ಕೆತ್ತಿಸಿದರು, ಮುಗಿಯಿತು. ಕಾದಿದ್ದು ಹೇಳಿದ ಮೇಲೆ ಸತ್ತದ್ದು ಹೇಗೆ ಎಂದು ಬೇರೆ ಹೇಳಬೇಕೇ? ಆಧುನಿಕ ಕಥೆಯಲ್ಲಿ ‘ವೀರಮರಣ’ ಸರ್ಕಾರಿ ಸಂತಾಪದ ಹಾಗೆ ಕೇಳಿಸಿದರೆ ‘ಹೋರಾಡುತ್ತಲೇ ಸತ್ತ’ ಎಂದು ಇಳಿಸಿ. ಒಂದು ಎಚ್ಚರ: ಮೂಲದ ಲೇಖಕ ಯುದ್ಧವನ್ನು ಗೇಲಿ ಮಾಡುತ್ತಿದ್ದರೆ, ‘ಗ್ಲೋರಿಯಸ್ಲಿ’ಯನ್ನು ಸೈನ್ಯಾಧಿಕಾರಿಯ ಬಾಯಿಂದ ಆಡಿಸಿದ್ದರೆ, ಆಗ ಅದೇ ಸಂತಾಪದ ಧ್ವನಿ ಬೇಕು. ‘ವೀರಮರಣ’ವೇ ಸರಿ.

‘ಗ್ಲೋರಿಯಸ್ಲಿ ಡ್ರಂಕ್’ಗೆ ಬರುವ ಮುನ್ನ ಇದರ ಒಂದು ಹಳೆಯ ಸಾಹಿತ್ಯಪ್ರಯೋಗವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ವಿಲಿಯಂ ಕೂಪರ್ ಎಂಬ ಇಂಗ್ಲಿಷ್ ಕವಿಯ ‘ದ ಟಾಸ್ಕ್’ ಎಂಬ ನೀಳ್ಗವನ 1785ರಲ್ಲಿ ಪ್ರಕಟವಾಯಿತು. ಅದರ ನಾಲ್ಕನೆಯ ಭಾಗದಲ್ಲಿ ಹೆಂಡದಂಗಡಿಗಳ ಪ್ರಸ್ತಾಪವಿದೆ. ಮದ್ಯದ ಪೀಪಾಯಿಗಳಿಂದ ಹನಿಯುವುದೆಲ್ಲ ಸರ್ಕಾರದ ಕೈ ಸೋಕಿದೊಡನೆ ಮಂತ್ರಿಗಳಿಗೆ ಪೋಲು ಮಾಡಲು ಚಿನ್ನವಾಗುತ್ತದೆ. ಹಾಗಿದ್ದ ಮೇಲೆ ಕುಡಿಯಿರಿ, ಹುಚ್ಚರಾಗಿ, ದೇಶವೇ ಅಪ್ಪಣೆ ಕೊಟ್ಟಿದೆ ಎನ್ನುತ್ತಾನೆ ಕವಿ. ಮುಂದಿನ ಸಾಲು ಶುರುವಾಗುವುದೇ ‘ಗ್ಲೋರಿಯಸ್ಲಿ ಡ್ರಂಕ್’ ಎಂದು, ಆ ಮಹತ್ವದ ಕರೆಗೆ ಓಗೊಡಿ ಎಂಬ ಆಜ್ಞೆಯೊಂದಿಗೆ.

ಇಲ್ಲಿ ಪದ ಕೂತ ಜಾಗವೇ ಅರ್ಥ. ಸಾಲಿನ ಮೊದಲ ಪದ ‘ಗ್ಲೋರಿಯಸ್ಲಿ’. ದೇಶ, ಅಪ್ಪಣೆ ಎಂಬ ಮಾತು ಆಗಲೇ ಬಂದಿರುವುದರಿಂದ ಓದುವವನ ಕಿವಿ ಮುಂದೆ ‘ಹೋರಾಡಿ’, ‘ಮಡಿಯಿರಿ’ ಎಂಬಂಥದ್ದನ್ನು ಕಾಯುತ್ತದೆ. ಬರುವುದು ‘ಡ್ರಂಕ್’, ಒಂದೇ ಉಸಿರಿನ ಮೊಂಡು ಪದ. ರಣರಂಗಕ್ಕೆ ಸಲ್ಲಬೇಕಾದ ವಿಶೇಷಣ ಹೆಂಡದಂಗಡಿಗೆ ಸಂದಿದೆ. ಕುಡುಕನ ಗಂಟಲು ಖಜಾನೆಗೆ ದುಡಿಯುವುದರಿಂದ ಅವನೂ ದೇಶಸೇವಕನೇ ಎಂಬ ತರ್ಕ ಒಂದು ಪದದ ಮೇಲೆ ನಿಂತಿದೆ. ಇದನ್ನು ‘ಕಂಠಪೂರ್ತಿ ಕುಡಿದು’ ಎಂದು ಇಳಿಸಿದರೆ ಕುಡಿತ ಉಳಿಯುತ್ತದೆ, ದೇಶ ಹೋಗುತ್ತದೆ.

ಕನ್ನಡದ ಪದಕ್ರಮ ಇಲ್ಲಿ ಅನುವಾದಕನ ಪಕ್ಷಕ್ಕೆ ನಿಲ್ಲುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಬೀಳಿಸುವ ಮುನ್ನ ಇನ್ನೂ ಎತ್ತರಕ್ಕೆ ಕರೆದೊಯ್ಯಬಹುದು. ‘ನಾಡತಾಯಿಯ ಕರೆಗೆ ಓಗೊಟ್ಟು, ಜಯಜಯ ಎನ್ನುತ್ತ, ಎದೆಯೆತ್ತಿ, ತೂರಾಡುತ್ತ ಬನ್ನಿ.’ ಇಲ್ಲಿ ‘ಗ್ಲೋರಿಯಸ್ಲಿ’ಗೆ ಇಂಥದೇ ಎಂದು ತೋರಿಸಬಹುದಾದ ಪದವಿಲ್ಲ. ಜಯಜಯದಲ್ಲಿ ಸ್ವಲ್ಪ ಇದೆ, ಎದೆಯೆತ್ತುವುದರಲ್ಲಿ ಸ್ವಲ್ಪ ಇದೆ, ‘ತೂರಾಡುತ್ತ’ ಎಂಬುದು ಎರಡನ್ನೂ ಕೆಡವುತ್ತದೆ.

ನಿಮ್ಮ ಔತಣದ ಮುದುಕನ ಹಿಂದೆ ಈ ರಾಜಕೀಯವೇನೂ ಇಲ್ಲ. ಅಲ್ಲಿ ಪದಕ್ಕೆ ಎರಡೇ ಕೆಲಸ. ಒಂದು, ಕುಡಿತ ಪೂರ್ಣ ಎಂದು ಹೇಳುವುದು. ಇನ್ನೊಂದು, ಹೇಳುವವನಿಗೆ ಅದರ ಮೇಲೆ ಕೋಪವಿಲ್ಲ ಎಂದು ಸೂಚಿಸುವುದು. ಎರಡನೆಯದು ತಪ್ಪಿದರೆ ಅನುವಾದ ಕೆಟ್ಟಿತು. ‘ಕುಡಿದು ಬಿದ್ದಿದ್ದ’ ಎಂದರೆ ಅಸಹ್ಯ, ‘ಅತಿಯಾಗಿ ಕುಡಿದಿದ್ದ’ ಎಂದರೆ ಪೊಲೀಸ್ ದಾಖಲೆ. ‘ಕುಡಿದು ಮಹಾರಾಜನ ಹಾಗೆ ಕೂತಿದ್ದ’, ‘ಏರಿದ ನಿಶೆಯಲ್ಲಿ ಸ್ವರ್ಗಕ್ಕೆ ಮೂರೇ ಗೇಣು’ ಎಂದರೆ ಆ ವಾತ್ಸಲ್ಯ ಬರುತ್ತದೆ. ಮೂರೇ ಗೇಣು ಎಂಬ ನುಡಿಗಟ್ಟು ಸವೆದದ್ದೇ ಇರಬಹುದು, ಆದರೆ ‘ಗ್ಲೋರಿಯಸ್ಲಿ ಡ್ರಂಕ್’ ಕೂಡ ಇಂಗ್ಲಿಷಿನಲ್ಲಿ ಅಷ್ಟೇ ಸವೆದ ನಾಣ್ಯ. ಸವೆದದ್ದಕ್ಕೆ ಸವೆದದ್ದನ್ನು ಕೊಡುವುದು ಮೋಸವಲ್ಲ.

‘ಫೇಲ್ಡ್ ಗ್ಲೋರಿಯಸ್ಲಿ’ ನಾಲ್ಕರಲ್ಲಿ ಅತಿ ಜಾರುವ ಪ್ರಯೋಗ. ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಅರ್ಥ, ಎರಡೂ ಚಾಲ್ತಿಯಲ್ಲಿವೆ. ಸೋತರೂ ತಲೆಯೆತ್ತಿ ಸೋತರು ಎಂಬುದೊಂದು. ಸೋಲು ಎಷ್ಟು ಸಂಪೂರ್ಣವೆಂದರೆ ನೋಡಲು ಮಜವಾಗಿತ್ತು ಎಂಬುದು ಇನ್ನೊಂದು. ಇಂಗ್ಲಿಷ್ ಲೇಖಕ ಎರಡರ ನಡುವೆ ಆರಾಮವಾಗಿ ಕೂರಬಹುದು. ಕನ್ನಡದವರು ಆರಿಸಿಕೊಳ್ಳಲೇಬೇಕು. ಮೊದಲನೆಯದಕ್ಕೆ ‘ಸೋತು ಗೆದ್ದರು’ ಎಂಬ ಸಿದ್ಧ ನುಡಿಯಿದೆ. ಕಳ್ಳರ ಉಪಾಯ ಎರಡನೆಯ ಬಗೆಯದು: ‘ಉಪಾಯ ನೆಲಕಚ್ಚಿತು’, ‘ಮಕಾಡೆ ಮಲಗಿತು’. ತಮಾಷೆ ಇನ್ನಷ್ಟು ಬೇಕಿದ್ದರೆ ‘ಕೆಟ್ಟರೆ ಹೀಗೆ ಕೆಡಬೇಕು ಎನ್ನುವ ಹಾಗೆ ಕೆಟ್ಟಿತು’. ‘ಹೀನಾಯವಾಗಿ ಸೋತಿತು’ ಬೇಡ, ಅದು ಆಟದ ವರದಿ, ಅಲ್ಲಿ ನಗುವಿಲ್ಲ. ‘ಅಮೋಘವಾಗಿ ಸೋತಿತು’ ಎಂದು ಬರೆಯುವವರೂ ಇದ್ದಾರೆ. ‘ಮೋಘ’ ಎಂದರೆ ವ್ಯರ್ಥ, ಅಮೋಘ ಎಂದರೆ ವ್ಯರ್ಥವಾಗದ್ದು, ಗುರಿ ತಪ್ಪದ್ದು. ಗುರಿ ತಪ್ಪದೆ ಗುರಿ ತಪ್ಪಿತು ಎಂದ ಹಾಗಾಯಿತು. ಬೇಕೆಂದೇ ಬರೆದರೆ ಸೊಗಸು, ತಿಳಿಯದೆ ಬರೆದರೆ ಪೇಚು.

ಹಡಗಿನ ವಾಕ್ಯವನ್ನು ಕೊನೆಗೆ ಉಳಿಸಿಕೊಂಡೆ, ಅದು ನೋಟದ ಪ್ರಯೋಗ. ‘ಹಳೆಯ ಹಡಗು ವೈಭವಯುತವಾಗಿ ಮುಳುಗಿತು’ ಎಂದರೆ ಮುಳುಗುವುದೇ ಒಂದು ಸಮಾರಂಭವಾಗಿ, ಗಣ್ಯರು ಹಾಜರಿದ್ದಂತೆ ಕಾಣುತ್ತದೆ. ‘ಭವ್ಯವಾಗಿ ಮುಳುಗಿತು’ ಸ್ವಲ್ಪ ವಾಸಿ, ಆದರೂ ಹಡಗು ದೊಡ್ಡದಿತ್ತು ಎಂಬಷ್ಟೇ ತಿಳಿಯುತ್ತದೆ. ‘ಭವ್ಯ’ದಲ್ಲಿ ಎತ್ತರ, ವಿಸ್ತಾರ ಇದೆ, ಉರಿಯುವ ದೀಪವಿಲ್ಲ. ಪದ ತೆಗೆದು ಓದಿದಾಗ ಕಳೆದುಹೋಗುವುದು ಏನು? ಸಾಯುವ ಹೊತ್ತಿನಲ್ಲೂ ತಲೆತಗ್ಗಿಸದ ಗತ್ತು, ಮತ್ತು ಬೆಳಕು. ಎರಡನ್ನೂ ಹೇಳುವ ಕನ್ನಡ ಕ್ರಿಯಾಪದ ಒಂದಿದೆ, ‘ಮೆರೆ’. ‘ಇದ್ದಬದ್ದ ದೀಪವನ್ನೆಲ್ಲ ಹೊತ್ತಿಸಿಕೊಂಡು, ಮೆರೆಯುತ್ತಲೇ ಮುಳುಗಿತು ಆ ಹಳೆಯ ಹಡಗು.’ ‘ಮೆರೆಯುತ್ತಲೇ’ಯಲ್ಲಿರುವ ‘ಏ’ಕಾರವನ್ನು ಬಿಡಬೇಡಿ, ಗತ್ತು ಇರುವುದು ಅದರಲ್ಲಿ.

ಈ ‘ಮೆರೆ’ಯ ಬಗ್ಗೆ ಇನ್ನೊಂದಿಷ್ಟು ಹೇಳಲೇಬೇಕು. ಹೊಳೆ, ಪ್ರಕಾಶಿಸು ಎಂಬುದು ಒಂದು ಅರ್ಥ. ಎದ್ದು ಕಾಣು, ಹೆಸರಾಗು ಎಂಬುದು ಇನ್ನೊಂದು. ಜಂಭ ತೋರು, ಸೊಕ್ಕಿನಿಂದ ನಡೆದುಕೊ ಎಂಬುದು ಮೂರನೆಯದು. ಲ್ಯಾಟಿನಿನ ‘ಗ್ಲೋರಿಯೋಸುಸ್’ಗಿದ್ದ ಎರಡೂ ಮುಖ ಇಲ್ಲಿ ಸಿಕ್ಕವು, ಬೆಳಕು ಲಾಭಕ್ಕೆ. ‘ಮಾನವೀಯತೆ ಮೆರೆದರು’ ಎಂದೂ ಬರೆಯುತ್ತೇವೆ, ‘ಅಟ್ಟಹಾಸ ಮೆರೆದರು’ ಎಂದೂ ಬರೆಯುತ್ತೇವೆ. ‘ಮೆರೆಸು’ ಎಂದರೆ ಹೊತ್ತು ಮೆರವಣಿಗೆ ಮಾಡು, ಅದು ಗೌರವ. ‘ಮೆರೆದಾಡು’ ಎಂದರೆ ಬೈಗುಳಕ್ಕೆ ಹತ್ತಿರ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುವುದು ಈ ಮೆರೆದಾಟವೇ. ಇಂಗ್ಲಿಷಿನಲ್ಲಿ ಅದಕ್ಕೆ ‘ವೇನ್‌ಗ್ಲೋರಿಯಸ್’ ಎಂಬ ಬೇರೆಯೇ ಪದ ಕಟ್ಟಿಕೊಳ್ಳಬೇಕಾಯಿತು.

ನೆರೆಹೊರೆಯ ಪದಗಳಿಗೆ ಬೇಗ ಬರೋಣ. ‘ಮ್ಯಾಗ್ನಿಫಿಸೆಂಟ್ಲಿ’ಯ ಬೇರು ‘ದೊಡ್ಡದು’ ಮತ್ತು ‘ಮಾಡು’, ಹಾಗಾಗಿ ಅದು ಮಾಡಿದ್ದರ ಅಳತೆಗೆ ಸಲ್ಲುತ್ತದೆ: ಕಟ್ಟಡ, ಖರ್ಚು, ಸಜ್ಜು, ಪ್ರದರ್ಶನ. ದೊಡ್ಡ ಖರ್ಚನ್ನು ಹದವರಿತು ಮಾಡುವುದನ್ನು ಅರಿಸ್ಟಾಟಲ್ ಒಂದು ಸದ್ಗುಣವೆಂದೇ ಎಣಿಸಿದ್ದ. ಅದಕ್ಕೆ ಲ್ಯಾಟಿನಿನಲ್ಲಿ ನಿಂತ ಹೆಸರು ‘ಮ್ಯಾಗ್ನಿಫಿಸೆಂಟಿಯಾ’. ಕನ್ನಡದಲ್ಲಿ ‘ಅದ್ದೂರಿಯಾಗಿ’ ಇದರ ಹತ್ತಿರ ಬರುತ್ತದೆ, ಆದರೆ ಹದವರಿತದ್ದು ಎಂಬ ಭಾವ ಅದಕ್ಕಿಲ್ಲ. ‘ಸ್ಪ್ಲೆಂಡಿಡ್ಲಿ’ಯ ಬೇರು ಹೊಳೆಯುವುದು, ಆದರೆ ಮಾತಿನಲ್ಲಿ ಹೊಳಪು ಹೋಗಿ ‘ಬಹಳ ಚೆನ್ನಾಗಿ’ ಎಂಬಷ್ಟೇ ಉಳಿದಿದೆ. ಕೆಲಸ ಸ್ಪ್ಲೆಂಡಿಡ್ಲಿ ನಡೆಯುತ್ತಿದೆ ಎಂದರೆ ‘ಸೊಗಸಾಗಿ ಸಾಗಿದೆ’ ಸಾಕು, ಅಲ್ಲಿ ‘ದೇದೀಪ್ಯಮಾನ’ ತಂದಿಟ್ಟರೆ ಅನಾಹುತ. ‘ಸೂಪರ್ಬ್ಲಿ’ಯ ಮೂಲ ‘ಸೂಪರ್ಬುಸ್’ ಎಂದರೆ ಗರ್ವಿಷ್ಠ. ಇಂದು ಗರ್ವ ಅಳಿದು ಕೈಚಳಕದ ಮೆಚ್ಚುಗೆ ಉಳಿದಿದೆ. ನುರಿತ ಕೆಲಸಕ್ಕೆ ಅದು ಸಲ್ಲುತ್ತದೆ, ಸೂರ್ಯಾಸ್ತಕ್ಕೆ ಅಷ್ಟು ಒಪ್ಪುವುದಿಲ್ಲ. ‘ಗ್ರ್ಯಾಂಡ್ಲಿ’ಯನ್ನು ಕಂಡರೆ ಅನುಮಾನಿಸಿ. ಯಾರಾದರೂ ಗ್ರ್ಯಾಂಡ್ಲಿ ಘೋಷಿಸಿದರು ಎಂದಿದ್ದರೆ ಅದು ‘ದೊಡ್ಡಸ್ತಿಕೆಯಿಂದ’, ಹಿಂದೆ ಸರಕು ಕಡಿಮೆ.

‘ಸಬ್ಲೈಮ್ಲಿ’ ಒಂದಕ್ಕೆ ಮಾತ್ರ ಕನ್ನಡ ಬೆರಗುಗೊಳಿಸುವ ಜೋಡಿ ಕೊಟ್ಟಿದೆ. ಅದರ ಬೇರಿನ ಅರ್ಥ ಎತ್ತರ; ಗಂಭೀರ ಪ್ರಯೋಗಕ್ಕೆ ನಮ್ಮ ವಿಮರ್ಶೆಯಲ್ಲಿ ‘ಭವ್ಯ’ ನೆಲೆಯಾಗಿದೆ. ವ್ಯಂಗ್ಯ ಪ್ರಯೋಗ ‘ಸಬ್ಲೈಮ್ಲಿ ಇಂಡಿಫರೆಂಟ್’ ಎಂಬುದಕ್ಕೆ? ‘ದಿವ್ಯ ನಿರ್ಲಕ್ಷ್ಯ’! ದಿವ್ಯ ಮೌನ, ದಿವ್ಯ ಅಜ್ಞಾನವೂ ಇದೇ ಮನೆಯವು. ಸ್ವರ್ಗದ ವಿಶೇಷಣವನ್ನು ಕೆಳಗಿಳಿಸಿ ಉದಾಸೀನಕ್ಕೆ ಕಟ್ಟಿದ್ದಾರೆ. ‘ಘನಂದಾರಿ ಕೆಲಸ ಮಾಡಿದ್ದೀಯ’ ಎಂಬ ಬೈಗುಳದಲ್ಲೂ ನಡೆದಿರುವುದು ಅದೇ, ಘನತೆಯ ಘನವನ್ನು ತಲೆಕೆಳಗಾಗಿ ಹಿಡಿದದ್ದು. ಕನ್ನಡದಲ್ಲಿ ಇಂಥ ವ್ಯಂಗ್ಯ ಕ್ರಿಯಾವಿಶೇಷಣಕ್ಕಿಂತ ಗುಣವಾಚಕ ಮತ್ತು ನಾಮಪದದ ಜೋಡಿಯಲ್ಲಿ ಚೆನ್ನಾಗಿ ಕೂರುತ್ತದೆ. ‘ದಿವ್ಯವಾಗಿ ನಿರ್ಲಕ್ಷಿಸಿದ’ ಎಂದು ತಿರುಗಿಸಿ ನೋಡಿ, ಅರ್ಧ ಮೊನಚು ಹೋಗುತ್ತದೆ. ‘ದಿವ್ಯ ನಿರ್ಲಕ್ಷ್ಯ ತೋರಿದ’ ಎಂದರೇ ಸರಿ.

ಮರುಪ್ರಶ್ನೆ

ಕ್ರಿಯಾಪದ ಬದಲಿಸುವ ಉಪಾಯ ಬಿಡಿ ವಾಕ್ಯಗಳಿಗೆ ಸರಿ. ಲೇಖಕ ಬೇಕೆಂದೇ ಅದೇ ಪದವನ್ನು ಪಲ್ಲವಿಯಂತೆ ಮತ್ತೆ ಮತ್ತೆ ತಂದಿದ್ದರೆ? ಮೊದಲು ಗಂಭೀರವಾಗಿ, ಕೊನೆಗೆ ವ್ಯಂಗ್ಯವಾಗಿ. ನೀವು ಹೇಳಿದಂತೆ ನಾಲ್ಕು ಕಡೆ ನಾಲ್ಕು ಬಗೆಯಲ್ಲಿ ಬರೆದರೆ ಆ ಎಳೆಯೇ ಕಡಿದುಹೋಗುವುದಿಲ್ಲವೇ? ‘ಗ್ಲೋರಿಯಸ್ಲಿ ಸನ್ನಿ’ ಎಂಬಂಥ ಹವಾಮಾನದ ಪ್ರಯೋಗವನ್ನೂ, ವಾಕ್ಯದ ತಲೆಯಲ್ಲೇ ‘ಗ್ಲೋರಿಯಸ್ಲಿ’ ಬಂದು ಅಲ್ಪವಿರಾಮ ಬೀಳುವುದನ್ನೂ ನೀವು ಬಿಡಿಸಲಿಲ್ಲ.

ಉತ್ತರ

ಕಡಿದುಹೋಗುತ್ತದೆ, ಆಕ್ಷೇಪ ನ್ಯಾಯವಾದದ್ದು. ಪಲ್ಲವಿಯಾಗಿದ್ದರೆ ಬೇರೆ ದಾರಿ ಹಿಡಿಯಬೇಕು. ಒಂದು ಪದ ಹುಡುಕುವ ಬದಲು ಒಂದು ಧಾತು ಹಿಡಿಯಿರಿ, ರೂಪ ಬದಲಾಗಲಿ. ‘ಮೆರೆ’ಯನ್ನೇ ಇಟ್ಟುಕೊಂಡರೆ ಸೈನಿಕ ‘ಪರಾಕ್ರಮ ಮೆರೆದು ಮಡಿದ’, ಹಡಗು ‘ಮೆರೆಯುತ್ತಲೇ ಮುಳುಗಿತು’, ಮುದುಕ ‘ಕುಡಿದು ಮೆರೆಯುತ್ತಿದ್ದ’, ಕಳ್ಳರ ಉಪಾಯ ‘ಮೆರೆದಷ್ಟೇ ಬೇಗ ಮಣ್ಣುಮುಕ್ಕಿತು’. ಕೊನೆಯದರಲ್ಲಿ ಅರ್ಥ ಒಂದು ಕೂದಲೆಳೆ ಜರುಗಿದೆ, ಒಪ್ಪುತ್ತೇನೆ. ಮೂಲದಲ್ಲಿ ಸೋಲೇ ಮೆರೆದದ್ದು, ಇಲ್ಲಿ ಸೋಲಿಗೆ ಮುಂಚೆ ಮೆರೆದದ್ದು. ಪಲ್ಲವಿ ಉಳಿಯಬೇಕಾದರೆ ಅಷ್ಟು ಬೆಲೆ ತೆರಬೇಕಾಗುತ್ತದೆ. ಗಂಭೀರದಿಂದ ವ್ಯಂಗ್ಯಕ್ಕೆ ಜಾರುವ ಬರಹಕ್ಕೆ ಈ ಧಾತು ವಿಶೇಷವಾಗಿ ಒದಗುತ್ತದೆ. ಒಳ್ಳೆಯ ಅರ್ಥದಿಂದ ಕೆಟ್ಟದ್ದಕ್ಕೆ ಅದು ತಾನಾಗಿಯೇ ಜಾರುತ್ತದೆ, ನೀವು ತಳ್ಳಬೇಕಿಲ್ಲ. ‘ವೈಭವ’ಕ್ಕೆ ಆ ಜಾರುಗುಣವಿಲ್ಲ, ‘ಮಹಿಮೆ’ಗಂತೂ ಸುತರಾಂ ಇಲ್ಲ. ಭಕ್ತಿಯ ಭಾಷೆಯಲ್ಲಿ ಅದು ಎಷ್ಟು ಗಟ್ಟಿಯಾಗಿ ನಿಂತಿದೆಯೆಂದರೆ ಅಲ್ಲಿಂದ ಕದಲಿಸಲು ಬಹಳ ಶ್ರಮ ಬೇಕು.

ಪದವೇ ವಿಷಯವಾಗಿರುವ ಕಡೆ ಮಾತ್ರ ಧಾತು ಹಿಡಿಯುವ ಈ ಉಪಾಯವೂ ನಡೆಯುವುದಿಲ್ಲ. ಲೂಯಿಸ್ ಕೆರೋಲ್‌ನ 1871ರ ಆಲಿಸ್ ಕಥೆಯಲ್ಲಿ ಹಂಪ್ಟಿ ಡಂಪ್ಟಿ ಆಲಿಸ್‌ಗೆ ಏನೋ ವಾದ ಹೂಡಿ, ಇಗೋ ನಿನಗೆ ‘ಗ್ಲೋರಿ’ ಎನ್ನುತ್ತಾನೆ. ಅವಳಿಗೆ ಅರ್ಥವಾಗುವುದಿಲ್ಲ. ಎದುರಾಳಿಯನ್ನು ಮಲಗಿಸುವ ಒಳ್ಳೇ ವಾದ ಎಂದು ಅದರರ್ಥ, ನಾನು ಪದ ಬಳಸಿದರೆ ನಾನು ಹೇಳಿದ್ದೇ ಅರ್ಥ ಎಂದು ಅವನ ಪಟ್ಟು. ಅಲ್ಲಿ ಬೇಕಾದದ್ದು ‘ಗ್ಲೋರಿ’ಯ ಅರ್ಥವಲ್ಲ, ವಾದಕ್ಕೂ ತನಗೂ ಯಾವ ಸಂಬಂಧವೂ ಇಲ್ಲದ, ಕೇಳಲು ಮಾತ್ರ ಗಂಭೀರವಾದ ಒಂದು ಪದ. ‘ಇಗೋ ನಿನಗೆ ಗರಿಮೆ!’ ಎಂದರೆ ನಡೆಯುತ್ತದೆ. ‘ಇಗೋ ನಿನಗೆ ಜಯ!’ ಎಂದರೆ ಕೆಟ್ಟಿತು, ವಾದಕ್ಕೂ ಜಯಕ್ಕೂ ಸಂಬಂಧ ಇದ್ದೇ ಇದೆ.

ಹವಾಮಾನದ ಪ್ರಯೋಗದಲ್ಲಿ ಬೇರೆ ಗುಂಡಿಯಿದೆ. ಮೋಡ ಕವಿದ ಚಳಿನಾಡಿನಲ್ಲಿ ಹುಟ್ಟಿದ ಭಾಷೆಗೆ ಬಿಸಿಲು ವರ. ‘ಗ್ಲೋರಿಯಸ್ಲಿ ಸನ್ನಿ’ಯನ್ನು ‘ಪ್ರಖರವಾದ ಬಿಸಿಲು’ ಎಂದರೆ ಕನ್ನಡದ ಓದುಗ ನೆರಳು ಹುಡುಕುತ್ತಾನೆ. ಪ್ರಮಾಣ ಹೇಳಬೇಡಿ, ಹಿತ ಹೇಳಿ: ‘ಹೂಬಿಸಿಲು ಚೆಲ್ಲಿತ್ತು’, ‘ಹೊಂಬಿಸಿಲು ಕಾದಿತ್ತು’.

ವಾಕ್ಯದ ತಲೆಯಲ್ಲಿ ಬಂದು ಅಲ್ಪವಿರಾಮ ಬಿದ್ದಿದ್ದರೆ ಅದು ಕ್ರಿಯೆಯ ರೀತಿಯನ್ನು ಹೇಳುತ್ತಲೇ ಇಲ್ಲ. ‘ಗ್ಲೋರಿಯಸ್ಲಿ, ಮಳೆ ನಿಂತಿತು’ ಎಂದರೆ ಮಳೆ ಭವ್ಯವಾಗಿ ನಿಲ್ಲಲಿಲ್ಲ, ನಿಂತದ್ದು ಹೇಳುವವನಿಗೆ ಹಬ್ಬವಾಯಿತು. ಅದು ವಾಕ್ಯದ ಮೇಲಿನ ಉದ್ಗಾರ, ಕನ್ನಡದಲ್ಲೂ ಉದ್ಗಾರವೇ ಆಗಬೇಕು. ಹಿಗ್ಗು ಹೆಚ್ಚಿದ್ದರೆ ‘ಆಹಾ, ಮಳೆ ನಿಂತಿತು!’, ಕಾದು ಕಾದು ಸಾಕಾಗಿದ್ದರೆ ‘ಅಬ್ಬ, ನಿಂತಿತಪ್ಪ ಮಳೆ’.